ಠಾಣೆಯಲ್ಲೇ ಬರೆದ ತೀರ್ಪು

ಕೊಲೆಯಾಗಿದ್ದಾರೆಂದು ಪೊಲೀಸ್ ದಾಖಲೆ ಹೇಳುತ್ತಿದ್ದ ಮಹಿಳೆ 2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲೊಂದರಲ್ಲಿ ಊಟ ಮಾಡುತ್ತಿದ್ದರು. ಅವರನ್ನು ಕೊಂದ ಆರೋಪ ಹೊತ್ತಿದ್ದ ಪತಿ ಕೊಡಗು ಜಿಲ್ಲೆಯ ಕುಶಾಲನಗರ ತಾಲ್ಲೂಕಿನ ಆದಿವಾಸಿ ಕೂಲಿ ಕಾರ್ಮಿಕ. ಅಷ್ಟರಲ್ಲಾಗಲೇ ಅವರು ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದಿದ್ದರು. ಮೈಸೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತಿತ್ತು. 2020ರಲ್ಲಿ ಹೆಂಡತಿ ಮನೆಬಿಟ್ಟು ಹೋದ ಮೇಲೆ, ಕಾಣೆಯಾಗಿದ್ದಾರೆಂದು ಕುಶಾಲನಗರದಲ್ಲಿ ದೂರು ಕೊಟ್ಟವರೂ ಅವರೇ. ಜಿಲ್ಲೆಯ ಗಡಿಯಾಚೆ, ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತ್ತು. ಒಂದು ಠಾಣೆಯಲ್ಲಿ ಗುರುತು ಸಿಗದ ಎಲುಬು, ಇನ್ನೊಂದರಲ್ಲಿ ಪತ್ತೆಯಾಗದ ಹೆಂಡತಿಯ ದೂರು. ಎರಡನ್ನೂ ಜೋಡಿಸಲಾಯಿತು. ದೂರು ಕೊಟ್ಟವರು ಆರೋಪಿಯಾದರು. ಎಲುಬಿನ ಡಿಎನ್‌ಎ ಹೊಂದಿಕೆಯಾಗದೆ ಹೋದರೂ ಪ್ರಕರಣ ಬಿದ್ದುಹೋಗಲಿಲ್ಲ. ಅದು ಬಿದ್ದದ್ದು ಆರೋಪಿಯ ಗೆಳೆಯರು ಆ ಮಹಿಳೆಯನ್ನು ಕಣ್ಣಾರೆ ಕಂಡು ಸುದ್ದಿ ಮುಟ್ಟಿಸಿ, ಆಕೆಯೇ ನ್ಯಾಯಾಧೀಶರ ಮುಂದೆ ನಿಂತಾಗ.

ಹಾರ್ಪರ್ ಲೀ 1960ರಲ್ಲಿ ಪ್ರಕಟಿಸಿದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯನ್ನು ಈ ಪ್ರಕರಣದ ಪಕ್ಕದಲ್ಲಿಟ್ಟು ಮತ್ತೊಮ್ಮೆ ಓದಬೇಕು. ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದ ಸಣ್ಣ ಪಟ್ಟಣವೊಂದರಲ್ಲಿ, 1930ರ ದಶಕದಲ್ಲಿ, ಟಾಮ್ ರಾಬಿನ್ಸನ್ ಎಂಬ ಕಪ್ಪುವರ್ಣೀಯ ಕೂಲಿಕಾರನ ಮೇಲೆ ಬಿಳಿಯ ಯುವತಿಯೊಬ್ಬಳ ಅತ್ಯಾಚಾರದ ಆರೋಪ ಬರುತ್ತದೆ. ಹೊಡೆತ ಬಿದ್ದಿರುವುದು ಯುವತಿಯ ಮುಖದ ಬಲಭಾಗಕ್ಕೆ. ಎಡಗೈ ಬಳಸುವವನೇ ಹೊಡೆದಿರಬೇಕು. ಟಾಮ್‌ನ ಎಡಗೈ ಬಾಲ್ಯದಲ್ಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ನಿಷ್ಪ್ರಯೋಜಕವಾಗಿದೆ. ವಕೀಲ ಆ್ಯಟಿಕಸ್ ಫಿಂಚ್ ಇದನ್ನು ಎಲ್ಲರ ಕಣ್ಣೆದುರಿಗೇ ತೋರಿಸಿಕೊಟ್ಟರೂ ಬಿಳಿಯರಷ್ಟೇ ಇದ್ದ ಜ್ಯೂರಿ ಅವನನ್ನು ಅಪರಾಧಿ ಎನ್ನುತ್ತದೆ. ಓದುಗರ ನೆನಪಿನಲ್ಲಿ ಉಳಿಯುವುದು ಆ್ಯಟಿಕಸ್‌ನ ವಾದ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆತ ಶೆರಿಫ್‌ನನ್ನು ಕೇಳುವ ಒಂದು ಸರಳ ಪ್ರಶ್ನೆ: ವೈದ್ಯರನ್ನು ಕರೆಸಿದಿರಾ? ಕರೆಸಿರಲಿಲ್ಲ. ಹುಡುಗಿ ಒಂದು ಹೆಸರು ಹೇಳಿದಳು, ಶೆರಿಫ್ ಹೋಗಿ ಅವನನ್ನು ಹಿಡಿದು ತಂದ. ಪರೀಕ್ಷೆ ಬೇಕೆಂದು ಯಾರಿಗೂ ಅನಿಸಲೇ ಇಲ್ಲ. ಟಾಮ್‌ನ ಹಣೆಬರಹ ತೀರ್ಮಾನವಾದದ್ದು ಅಲ್ಲಿ. ಜ್ಯೂರಿ ಮಾಡಿದ್ದು ಅದಕ್ಕೆ ಮೊಹರು ಒತ್ತಿದ ಕೆಲಸ.

ಕೊಡಗಿನ ಪ್ರಕರಣದ ತಿರುಳೂ ಇದೇ. ಪೂರ್ವಗ್ರಹ ನ್ಯಾಯಾಲಯದ ಬಾಗಿಲಲ್ಲಿ ಹುಟ್ಟುವುದಲ್ಲ. ಯಾರ ಮಾತನ್ನು ಪರೀಕ್ಷಿಸಬೇಕು, ಯಾರ ಮಾತನ್ನು ಪರೀಕ್ಷಿಸದೆಯೇ ತಳ್ಳಿಹಾಕಬಹುದು ಎಂದು ಠಾಣೆಯಲ್ಲಿ ಆಗುವ ಮೊದಲ ತೀರ್ಮಾನದಲ್ಲೇ ಅದು ಕೆಲಸ ಮುಗಿಸಿಬಿಡುತ್ತದೆ. ಕೊಲೆ ಪ್ರಕರಣದಲ್ಲಿ ಬಂಧಿತನ ವಿರುದ್ಧ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಅವನಿಗೆ ಜಾಮೀನು ಪಡೆಯುವ ಹಕ್ಕು ಬರುತ್ತದೆ. ಬಂಧಿತನ ರಕ್ಷಣೆಗೆಂದೇ ಇರುವ ಗಡುವು ಇದು. ಆದರೆ ತನಿಖಾಧಿಕಾರಿಯ ಮನಸ್ಸು ಮೊದಲೇ ಗಟ್ಟಿಯಾಗಿದ್ದರೆ ಪ್ರಯೋಗಾಲಯದ ವರದಿಗೆ ಕಾಯದೆ ಪಟ್ಟಿ ಸಲ್ಲಿಸಲು ಅದೇ ನೆಪವಾಗುತ್ತದೆ. ಇಲ್ಲಿ ಆದದ್ದೂ ಹಾಗೆಯೇ: ಎಲುಬು ಯಾರದೆಂದು ವಿಜ್ಞಾನ ಹೇಳುವ ಮೊದಲೇ ಕೊಂದವರು ಯಾರೆಂದು ಪೊಲೀಸರು ಹೇಳಿಯಾಗಿತ್ತು. ಪಟ್ಟಿ ಸಲ್ಲಿಕೆಯಾದ ಮೇಲೆ ಬರುವ ವರದಿ ತನಿಖೆಯನ್ನು ತಿದ್ದುವುದಿಲ್ಲ; ಕಡತಕ್ಕೆ ಸೇರುವ ಇನ್ನೊಂದು ಹಾಳೆಯಾಗುತ್ತದೆ, ಅಷ್ಟೆ.

ಇದು ಬೇಜವಾಬ್ದಾರಿ ತನಿಖೆ, ಇದರಲ್ಲಿ ಆದಿವಾಸಿ ಎಂಬ ಮಾತೇಕೆ, ಯಾವ ಬಡವನಿಗಾದರೂ ಹೀಗಾಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಆಕ್ಷೇಪ ಹಗುರವಾದದ್ದಲ್ಲ. ಈ ಪೊಲೀಸರಿಗೆ ಆದಿವಾಸಿಗಳ ಮೇಲೆ ದ್ವೇಷವಿತ್ತು ಎನ್ನಲು ನನ್ನಲ್ಲಿ ಆಧಾರವಿಲ್ಲ, ಹಾಗೆ ಹೇಳುವುದೂ ಇಲ್ಲ. ಆದರೆ ಪೂರ್ವಗ್ರಹಕ್ಕೆ ದ್ವೇಷವೇ ಬೇಕೆಂದಿಲ್ಲ. ಕಾಫಿ ತೋಟದ ಮಾಲೀಕರೊಬ್ಬರ ಪತ್ನಿ ಕಾಣೆಯಾಗಿ, ಪಕ್ಕದ ಜಿಲ್ಲೆಯಲ್ಲಿ ಎಲುಬು ಸಿಕ್ಕಿದ್ದರೆ ಡಿಎನ್‌ಎ ವರದಿ ಬರುವ ತನಕ ಅವರನ್ನು ಮುಟ್ಟುವ ಧೈರ್ಯ ಯಾವ ಠಾಣೆಗೂ ಇರುತ್ತಿರಲಿಲ್ಲ. ವಕೀಲರು ಮರುದಿನವೇ ಬರುತ್ತಿದ್ದರು, ಶಾಸಕರ ಕರೆ ಬರುತ್ತಿತ್ತು, ಪತ್ರಿಕೆಗಳು ಬರೆಯುತ್ತಿದ್ದವು. ತಪ್ಪು ಮಾಡಿದರೆ ಬೆಲೆ ತೆರಬೇಕಾಗುತ್ತದೆ ಎಂಬ ಭಯವೇ ಅಧಿಕಾರಿಯನ್ನು ಎಚ್ಚರದಲ್ಲಿಡುತ್ತದೆ. ಯಾರ ವಿಷಯದಲ್ಲಿ ಆ ಭಯ ಇಲ್ಲವೋ ಅವರ ವಿಷಯದಲ್ಲಿ ಬೇಜವಾಬ್ದಾರಿ ಸಲೀಸು. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆಯಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಯರವರು, ಜೇನು ಕುರುಬರು, ಬೆಟ್ಟ ಕುರುಬರು ಇವರಲ್ಲಿ ಸೇರಿದ್ದಾರೆ. ಇವರಲ್ಲಿ ಬಹಳಷ್ಟು ಕುಟುಂಬಗಳು ಇಂದಿಗೂ ತೋಟದ ಲೈನ್ ಮನೆಗಳಲ್ಲಿವೆ. ವಿಳಾಸ ಎಂಬುದು ಸಹ ಸಾಹುಕಾರರ ದಯೆಯಲ್ಲಿದೆ. 2016ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ ಜಿಲ್ಲೆಯ ಹೊರಗಿನವರು ಈ ಬದುಕನ್ನು ಮೊದಲ ಬಾರಿಗೆ ಕಂಡರು. ನಿಂತ ನೆಲವೇ ತನ್ನದೆಂದು ತೋರಿಸಲಾಗದವರ ಮಾತಿಗೆ ಠಾಣೆಯ ಮೇಜಿನ ಮೇಲೆ ಎಷ್ಟು ತೂಕ ಸಿಕ್ಕೀತು?

ಅವರ ಮಾತು ಹೀಗೆ ಹಗುರವಾಗುವುದರ ಹಿಂದೆ ಕಾನೂನಿನದೇ ಇತಿಹಾಸವೂ ಇದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿತ್ತು. ಸ್ವಾತಂತ್ರ್ಯಾನಂತರ ಕಾಯ್ದೆ ಹೋಯಿತು. ಅದು ಕಲಿಸಿದ ನೋಟ ಜೈಲು ಕೈಪಿಡಿಗಳಲ್ಲಿ ಎಷ್ಟು ಕಾಲ ಉಳಿದಿತ್ತೆಂದರೆ, ಜಾತಿ ನೋಡಿ ಕೈದಿಗಳಿಗೆ ಕೆಲಸ ಹಂಚುವ ನಿಯಮಗಳನ್ನು ರದ್ದುಪಡಿಸಲು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಕಾಡಂಚಿನಲ್ಲಿ ಆ ನೋಟ ಇನ್ನೂ ಒರಟು. 2022ರ ಅಕ್ಟೋಬರ್‌ನಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಜೇನು ಕುರುಬರೊಬ್ಬರು ಜಿಂಕೆ ಮಾಂಸದ ಆರೋಪದ ಮೇಲೆ ಅರಣ್ಯ ಇಲಾಖೆಯ ವಶದಲ್ಲಿದ್ದಾಗಲೇ ಸತ್ತರು. ಪರಿಶಿಷ್ಟರ ಮೇಲೆ ದುರುದ್ದೇಶದಿಂದ ಸುಳ್ಳು ಕ್ರಿಮಿನಲ್ ಪ್ರಕರಣ ಹೂಡುವುದನ್ನು 1989ರ ದೌರ್ಜನ್ಯ ತಡೆ ಕಾಯ್ದೆ ಅಪರಾಧಗಳ ಪಟ್ಟಿಯಲ್ಲೇ ಸೇರಿಸಿದೆ. ಇಂಥದ್ದು ನಡೆಯುವುದೇ ಇಲ್ಲವೆಂದಿದ್ದರೆ ಸಂಸತ್ತು ಅದನ್ನು ಸೇರಿಸುವ ಅಗತ್ಯವೇನಿತ್ತು?

ಕೊನೆಗೆ ನ್ಯಾಯ ಸಿಕ್ಕಿತಲ್ಲ ಎಂಬ ಸಮಾಧಾನದ ಮಾತು ನನಗೆ ಎಲ್ಲಕ್ಕಿಂತ ಅಪಾಯಕಾರಿಯಾಗಿ ಕಾಣುತ್ತದೆ. ಮೈಸೂರಿನ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಕುಶಾಲನಗರದ ಆ ಕೂಲಿಕಾರರನ್ನು ಗೌರವಯುತವಾಗಿ ಖುಲಾಸೆಗೊಳಿಸಿತು, 1 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು, ತನಿಖೆ ನಡೆಸಿದವರ ಮೇಲೆ ಕ್ರಮಕ್ಕೂ ಸೂಚಿಸಿತು. ಇದು ಸರಿಯಾದ ತೀರ್ಪು. ಆದರೆ ಆ ಮಹಿಳೆ ಆ ದಿನ ಬೇರೆ ಹೋಟೆಲಿಗೆ ಹೋಗಿದ್ದರೆ? ಗೆಳೆಯರ ಕಣ್ಣಿಗೆ ಬಿದ್ದ ಆಕಸ್ಮಿಕವನ್ನು ನ್ಯಾಯವ್ಯವಸ್ಥೆಯ ಸಾಧನೆ ಎಂದು ಬರೆದುಕೊಳ್ಳಲಾಗದು. ಪರಿಹಾರದ ಮೊತ್ತವನ್ನೂ ನೋಡಿ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಸುಳ್ಳು ಗೂಢಚರ್ಯೆ ಪ್ರಕರಣದಲ್ಲಿ 1994ರಲ್ಲಿ ಬಂಧಿತರಾಗಿ ಸುಮಾರು 50 ದಿನ ಸೆರೆಯಲ್ಲಿದ್ದರು. ಸುಪ್ರೀಂ ಕೋರ್ಟ್ 2018ರಲ್ಲಿ ಅವರಿಗೆ 50 ಲಕ್ಷ ರೂಪಾಯಿ ಕೊಡಿಸಿತು. ಅವರಿಗಾದ ಅವಮಾನಕ್ಕೆ ಅದು ಹೆಚ್ಚೇನಲ್ಲ. ಎರಡು ಪ್ರಕರಣ ಒಂದೇ ಅಲ್ಲ, ಎರಡು ನ್ಯಾಯಾಲಯಗಳ ಅಧಿಕಾರವೂ ಒಂದೇ ಅಲ್ಲ, ನಿಜ. ಆದರೂ ಹೆಂಡತಿಯನ್ನು ಕೊಂದವನೆಂಬ ಹೆಸರು ಹೊತ್ತ ಕೂಲಿಕಾರನ ಒಂದೂವರೆ ವರ್ಷಕ್ಕೆ ಹೀಗೆ ಬೆಲೆ ಕಟ್ಟಿದ್ದನ್ನು ಒಪ್ಪಲು ಮನಸ್ಸು ಬರುವುದಿಲ್ಲ. ತಪ್ಪಾಗಿ ಜೈಲು ಸೇರಿದವರ ಪರಿಹಾರಕ್ಕೆ ಪ್ರತ್ಯೇಕ ಕಾನೂನು ಬೇಕೆಂದು ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ 2018ರಲ್ಲೇ ಹೇಳಿತ್ತು. ಅಂಥ ಕಾನೂನು ಇದ್ದಿದ್ದರೆ ಪರಿಹಾರ ಹಕ್ಕಾಗುತ್ತಿತ್ತು.

ಆ್ಯಟಿಕಸ್‌ನಂಥ ವಕೀಲರು ಸಾಕು ಎಂಬ ನಂಬಿಕೆಯನ್ನೂ ಬಿಡಬೇಕು. ಕಾದಂಬರಿಯ ಮೇಲಿರುವ ದೊಡ್ಡ ಟೀಕೆಯೇ ಅದು: ಟಾಮ್ ಅಲ್ಲಿ ಹೆಚ್ಚು ಮಾತಾಡುವುದಿಲ್ಲ, ಒಳ್ಳೆಯ ಬಿಳಿಯನೊಬ್ಬನ ಒಳ್ಳೆಯತನವೇ ಕಥೆಯನ್ನು ತುಂಬಿಕೊಳ್ಳುತ್ತದೆ. ಟೀಕೆ ನ್ಯಾಯವಾದದ್ದು. ಪರಿಶಿಷ್ಟ ಪಂಗಡದವರಿಗೆ ಉಚಿತ ವಕೀಲರ ನೆರವು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ಅದು ವಿಚಾರಣೆಯ ಹಂತದಲ್ಲಿ ಅಲ್ಲ, ಠಾಣೆಗೆ ಕರೆಸಿದ ಮೊದಲ ದಿನವೇ ತಲುಪಬೇಕು. ಗುರುತೇ ಪ್ರಶ್ನೆಯಾಗಿರುವ ಕೊಲೆ ಪ್ರಕರಣದಲ್ಲಿ ಡಿಎನ್‌ಎ ವರದಿ ಇಲ್ಲದ ದೋಷಾರೋಪ ಪಟ್ಟಿಯನ್ನು ನ್ಯಾಯಾಲಯ ಸ್ವೀಕರಿಸಬಾರದು. 90 ದಿನ ಮೀರಿತೆಂದರೆ ಆರೋಪಿಗೆ ಜಾಮೀನು ಸಿಗಲಿ, ಆ ಹಕ್ಕು ಇರುವುದೇ ಅದಕ್ಕೆ. ಅಪರಾಧಿಗಳು ತಪ್ಪಿಸಿಕೊಳ್ಳುತ್ತಾರೆ ಎನ್ನುವವರು ಬೆಟ್ಟದಪುರದ ಎಲುಬುಗಳ ಬಗ್ಗೆ ಯೋಚಿಸಬೇಕು. ಅವು ಯಾರದೋ ಮನೆಯವರವು, ಆ ಮನೆಯಲ್ಲಿ ಯಾರೋ ಇನ್ನೂ ಕಾಯುತ್ತಿರಬಹುದು. ಕೊಡಗಿನ ಕೂಲಿಕಾರರೊಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸಿದ್ದ ಅಷ್ಟೂ ಕಾಲ ಆ ಸಾವಿಗೆ ಕಾರಣರಾದವರನ್ನು ಯಾರೂ ಹುಡುಕಲಿಲ್ಲ. ಪ್ರಕರಣ ಬಗೆಹರಿದಿದೆ ಎಂದು ದಾಖಲೆ ಹೇಳುತ್ತಿತ್ತು.