ಅಡುಗೆಮನೆಯ ಹೊಳಪು, ಮುಚ್ಚಿದ ಕಿಟಕಿ

ಹೊಸಪೇಟೆಯ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ದಿನ ಗೊತ್ತಾದ ಮನೆಯೊಳಗೆ ಕೊನೆಗೆ ಬರುವವರು ಪಾಲಿಶ್ ಕೆಲಸದವರು. ಕಂಪ್ರೆಸರ್ ಚಾಲೂ ಆಗುವ ಮುಂಚೆ ಅವರಲ್ಲೊಬ್ಬರು ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿ ಬರುತ್ತಾರೆ. ಅಡುಗೆಮನೆಯ ಕಪಾಟುಗಳಿಗೆ ಗನ್ನಿನಿಂದ ಹೊಡೆದ ಹಸಿ ಪಾಲಿಶಿನ ಮೇಲೆ ಧೂಳು ಕೂರಬಾರದಲ್ಲ. ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳ ಕೆಂಪು ಧೂಳನ್ನಾಗಲಿ, ಕಂಪ್ಲಿಯಲ್ಲಿ ಭತ್ತದ ಸುಗ್ಗಿಯ ಧೂಳನ್ನಾಗಲಿ ಬಲ್ಲವರು ಇದನ್ನು ತಪ್ಪೆನ್ನಲಾರರು. ಆದರೂ ನಮ್ಮ ಆತಂಕವೆಲ್ಲ ಆ ಮುಚ್ಚಿದ ಕಿಟಕಿಯ ಬಗ್ಗೆಯೇ.

ಪಾಲಿಶಿಗೆ ಬೆರೆಸುವ ಥಿನ್ನರಿನಲ್ಲಿ ಸಾಮಾನ್ಯವಾಗಿ ಟಾಲೀನ್, ಕ್ಸೈಲೀನ್‌ನಂಥ ದ್ರಾವಕಗಳಿರುತ್ತವೆ. ಟಾಲೀನ್ ಬರೀ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಬೇಸಿಗೆಯ ಮಧ್ಯಾಹ್ನ 40ರ ಆಸುಪಾಸು. ಗಾಳಿಯಲ್ಲಿ ಆ ಆವಿ ನೂರಕ್ಕೆ ಒಂದು ಪಾಲು ದಾಟಿದರೆ ಬೆಂಕಿಗೆ ಸಾಕು. ಗಾಳಿಗಿಂತ ಭಾರವಾದ್ದರಿಂದ ಅದು ನೆಲ ಹಿಡಿದು ಹರಿದು, ಹೊಡೆಯುವವನ ಕಣ್ಣಿಗೆ ಬೀಳದೆ ಪಕ್ಕದ ಕೋಣೆ ಸೇರುತ್ತದೆ. ಅಲ್ಲಿ ಫ್ರಿಜ್ ನಡೆಯುತ್ತಿರುತ್ತದೆ. ಯಾರೋ ದೇವರ ಮುಂದೆ ದೀಪ ಹಚ್ಚಿರುತ್ತಾರೆ. ಇದ್ದ ಮನೆಯಲ್ಲೇ ಕಪಾಟು ಹೊಸದು ಮಾಡಿಸುವವರಾದರೆ ಗ್ಯಾಸ್ ಸಿಲಿಂಡರೂ ಜಾಗ ಬಿಟ್ಟು ಕದಲಿರುವುದಿಲ್ಲ.

ಬೆಂಕಿಯಾದರೂ ಕಾಣುತ್ತದೆ. ಈಗ ಎಲ್ಲರೂ ಕೇಳುವ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಪಾಲಿಶಿನ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಅದರ ವಾಸನೆ ಎಚ್ಚರಿಸುವುದಿಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ಅನಿಲವೂ ಈ ರಾಸಾಯನಿಕಗಳ ಬಳಗದ್ದೇ. ಹಾರ್ಡನರ್ ಅದರಂತೆ ತಾನಾಗಿ ಆವಿಯಾಗಿ ಹರಡುವಂಥದ್ದಲ್ಲ, ಡಬ್ಬಿಯಲ್ಲಿರುವಷ್ಟು ಹೊತ್ತು ಹೆಚ್ಚು ಕಾಡುವುದೂ ಇಲ್ಲ. ಗನ್ ಅದನ್ನು ಮಂಜಿನಂತೆ ಸಿಡಿಸಿದಾಗ ಮಾತ್ರ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಅದನ್ನು ತಡೆಯದು.

ಇಲ್ಲಿ ಗಮನಿಸಬೇಕಾದ ಗುರುತುಗಳು ಬಹಳ ಸಣ್ಣವು. ಪಾಲಿಶ್ ಹುಡುಗ ಕೆಲಸದ ಹೊತ್ತಿನಲ್ಲಿ ಚೆನ್ನಾಗಿಯೇ ಇರುತ್ತಾನೆ. ರಾತ್ರಿ ಮಲಗಿದಾಗ ಕೆಮ್ಮು ಬರುತ್ತದೆ, ಎದೆ ಬಿಗಿಯುತ್ತದೆ. ಹಬ್ಬಕ್ಕೆ ಊರಿಗೆ ಹೋದರೆ ಎಲ್ಲವೂ ಮಾಯ. ವಾಪಸು ಬಂದು ಗನ್ ಹಿಡಿದರೆ ಮತ್ತೆ ಶುರು. ಅವನು ಅದನ್ನು ಹವೆಯ ದೋಷವೆನ್ನುತ್ತಾನೆ, ಮೇಸ್ತ್ರಿ ಬೀಡಿಯ ದೋಷವೆನ್ನುತ್ತಾನೆ. ಮನೆಯವರು ಕೇಳುವುದೇ ಇಲ್ಲ. ಈ ಏರಿಳಿತವೇ ವೃತ್ತಿಯಿಂದ ಬರುವ ಅಸ್ತಮಾದ ಲಕ್ಷಣ. ದೇಹ ಒಮ್ಮೆ ಐಸೊಸಯನೇಟಿಗೆ ಮುನಿಯಿತೆಂದರೆ ಮುಂದೆ ಅದರ ಲವಲೇಶಕ್ಕೂ ಉಸಿರು ಕಟ್ಟುತ್ತದೆ. ಆಮೇಲೆ ಆ ಕಸುಬನ್ನೇ ಬಿಡಬೇಕಾಗುತ್ತದೆ, ಇಪ್ಪತ್ತೈದರ ಹರೆಯವಾದರೂ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿ ಐಸೊಸಯನೇಟ್ ವಿಷಬಾಧೆಯನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಆದರೆ ನಮ್ಮ ಅಡುಗೆಮನೆ ಕಾರ್ಖಾನೆಯಲ್ಲ. ಅಲ್ಲಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಸಣ್ಣ ಗುರುತುಗಳನ್ನು ಕಡೆಗಣಿಸಿದರೆ ಏನಾಗುತ್ತದೆಂದು ಈ ಸೀಮೆ ಒಮ್ಮೆ ಕಂಡಿದೆ. ಅದಿರಿನ ಭರಾಟೆಯ ವರ್ಷಗಳಲ್ಲಿ ಸಂಡೂರಿನ ರಸ್ತೆಬದಿಯ ಗಿಡದ ಎಲೆ ಮೊದಲು ಕೆಂಪಾಯಿತು, ಆಮೇಲೆ ಹೊಲದ ಬೆಳೆ. ಮಣ್ಣು ತಾನೆ, ಮಳೆ ಬಂದರೆ ತೊಳೆದು ಹೋಗುತ್ತದೆ ಎಂದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ, ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗಿತ್ತು. ಈಗ ಪಾಲಿಶಿನ ಮನೆಗಳಲ್ಲೂ ಕೇಳುವುದು ಅದೇ ಮಾತು: ಏನೂ ಆಗಲ್ಲ ಬಿಡ್ರಿ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕಪಾಟಿನ ಬಾಗಿಲು ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಬಡಿಗೇರರ ಶೆಡ್ಡಿನಲ್ಲೋ ಗಾಳಿಯಾಡುವ ಕಡೆಯೋ ಹೊಡೆಸಿ, ಒಣಗಿದ ಮೇಲೆ ತಂದು ಕೂಡಿಸಬಹುದು. ಕದಲದ ಚೌಕಟ್ಟಿಗೆ ನೀರಿನ ಪಾಲಿಶನ್ನು ಬ್ರಷ್ಷಿನಿಂದ ಹಚ್ಚಿಸಿ. ಪಿಯು ಬೇಕೇ ಬೇಕೆಂದರೆ ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮುಖವಾಡ ಇರುವವರಿಗೇ ಕೆಲಸ ಕೊಡಿ.

ಥಿನ್ನರ್ ಡಬ್ಬಿಯ ಪಕ್ಕದಲ್ಲಿ ಯಾರೂ ರಾತ್ರಿ ಮಲಗಬಾರದು. ಬಸುರಿಯರು, ಮಕ್ಕಳು, ದಮ್ಮಿನ ತೊಂದರೆ ಇರುವವರು ಆ ದಿನಗಳಲ್ಲಿ ಬೇರೆ ಮನೆಯಲ್ಲಿರಲಿ.

ಮುಹೂರ್ತ ಹತ್ತಿರ ಬಂತೆಂದು ಅವಸರ ಮಾಡಬೇಡಿ. ಪಾಲಿಶ್ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಆ ವಾರವನ್ನು ಲೆಕ್ಕಕ್ಕೆ ಹಿಡಿದೇ ದಿನ ಗೊತ್ತುಮಾಡಿ.