ಕ್ಲಬ್ ಮಾಲೀಕರದ್ದೋ, ಊರಿನದ್ದೋ?

ಅಮೆರಿಕದ ಓಹಾಯೊ ರಾಜ್ಯದ ರಾಜಧಾನಿ ಕೊಲಂಬಸ್‌ನಲ್ಲಿ 2021ರ ಮೇ ತಿಂಗಳಲ್ಲಿ ಒಂದು ಹೆಸರಿಗಾಗಿ ದೊಡ್ಡ ರಂಪವೇ ನಡೆಯಿತು. ಹಿಂದಿನ ವರ್ಷವಷ್ಟೇ ಮೇಜರ್ ಲೀಗ್ ಸಾಕರ್ ಪ್ರಶಸ್ತಿ ಗೆದ್ದಿದ್ದ ‘ಕೊಲಂಬಸ್ ಕ್ರ್ಯೂ’ ಕ್ಲಬ್‌ಗೆ ಅದರ ಆಡಳಿತ ‘ಕೊಲಂಬಸ್ ಎಸ್‌ಸಿ’ ಎಂದು ಮರುನಾಮಕರಣ ಮಾಡಿತು. ಬೆಂಬಲಿಗರು ತಿರುಗಿಬಿದ್ದರು. ಎರಡು ವಾರ ಕಳೆಯುವ ಮೊದಲೇ ಹಳೆಯ ಹೆಸರು ಮರಳಿತು.

ಇದನ್ನು ಅಭಿಮಾನಿಗಳ ಅತಿರೇಕವೆಂದು ತಳ್ಳಿಹಾಕುವುದು ಸುಲಭ. ಆದರೆ ಕ್ರ್ಯೂ ಎಂದರೆ ಕೂಡಿ ದುಡಿಯುವವರ ತಂಡ. 1996ರಿಂದ 2014ರವರೆಗೆ ಅದರ ಲಾಂಛನದಲ್ಲಿದ್ದವರು ಸುರಕ್ಷಾ ಟೋಪಿ ಧರಿಸಿದ ಮೂವರು ಕಾರ್ಮಿಕರು. ಲೀಗ್‌ನ ತಂಡಗಳು ಅಮೆರಿಕನ್ ಫುಟ್‌ಬಾಲ್‌ನ ಭಾರಿ ಕ್ರೀಡಾಂಗಣಗಳಲ್ಲಿ ಖಾಲಿ ಆಸನಗಳ ನಡುವೆ ಆಡುತ್ತಿದ್ದ ಕಾಲದಲ್ಲಿ, ಸಾಕರ್‌ಗೆಂದೇ ಕ್ರೀಡಾಂಗಣ ಕಟ್ಟಿದ ಮೊದಲ ಕ್ಲಬ್ ಇದು. 1999ರಲ್ಲಿ ಆಗಿನ ಮಾಲೀಕ ಲಾಮಾರ್ ಹಂಟ್ ಅದನ್ನು ಕಟ್ಟಿಸಿದರು. ಮೆಕ್ಸಿಕೊವನ್ನು ಅಮೆರಿಕ 2001ರಿಂದ ನಾಲ್ಕು ಬಾರಿ 2-0 ಗೋಲುಗಳಿಂದ ಮಣಿಸಿದ್ದೂ ಅಲ್ಲಿಯೇ.

ಇಂಥ ಕ್ಲಬ್ ಅನ್ನು ಟೆಕ್ಸಾಸ್‌ನ ಆಸ್ಟಿನ್‌ಗೆ ಒಯ್ಯುವ ಇಂಗಿತವನ್ನು 2017ರ ಅಕ್ಟೋಬರ್‌ನಲ್ಲಿ ಮಾಲೀಕ ಆಂಥೊನಿ ಪ್ರೆಕೋರ್ಟ್ ಪ್ರಕಟಿಸಿದರು. 2013ರ ಖರೀದಿ ಒಪ್ಪಂದದಲ್ಲಿಯೇ ಅದಕ್ಕೆ ಅವಕಾಶವಿತ್ತೆಂಬ ಸಂಗತಿಯೂ ಆಗ ಹೊರಬಿತ್ತು! ಈ ಲೀಗ್‌ನಲ್ಲಿ ಮಾಲೀಕರೆಂದರೆ ವಾಸ್ತವವಾಗಿ ಲೀಗ್‌ನ ಹೂಡಿಕೆದಾರರು. ಆಟಗಾರರೊಂದಿಗಿನ ಒಪ್ಪಂದಗಳೂ ಲೀಗ್‌ನ ಹೆಸರಿನಲ್ಲಿಯೇ ಇರುತ್ತವೆ. ಲೆಕ್ಕಪತ್ರದಲ್ಲಿ ಊರಿಗೆ ಜಾಗವೇ ಇಲ್ಲ.

ಊರು ಸುಮ್ಮನಿರಲಿಲ್ಲ. ಬೆಂಬಲಿಗರು ‘ಸೇವ್ ದ ಕ್ರ್ಯೂ’ ಚಳವಳಿ ಹೂಡಿದರು. ಓಹಾಯೊ ರಾಜ್ಯ ಮತ್ತು ಕೊಲಂಬಸ್ ನಗರಾಡಳಿತ 2018ರಲ್ಲಿ ನ್ಯಾಯಾಲಯಕ್ಕೆ ಹೋದವು. ಅವುಗಳ ಕೈಯಲ್ಲಿದ್ದ ಅಸ್ತ್ರ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು ಆರ್ಟ್ ಮೊಡೆಲ್ ಬಾಲ್ಟಿಮೋರ್‌ಗೆ ಕೊಂಡೊಯ್ದ ಮೇಲೆ 1996ರಲ್ಲಿ ರೂಪುಗೊಂಡ ಕಾಯ್ದೆ. ಸಾರ್ವಜನಿಕ ನೆರವು ಪಡೆದ ತಂಡ ಊರು ಬಿಡಬೇಕಾದರೆ ನಗರದ ಒಪ್ಪಿಗೆ ಬೇಕು. ಇಲ್ಲವೇ ಆರು ತಿಂಗಳು ಮೊದಲೇ ತಿಳಿಸಿ, ಸ್ಥಳೀಯರಿಗೆ ಕೊಳ್ಳುವ ಅವಕಾಶ ಕೊಡಬೇಕು. ಕೊನೆಗೆ 2019ರ ಜನವರಿಯಲ್ಲಿ ಕ್ಲಬ್ ಅನ್ನು ವಹಿಸಿಕೊಂಡವರು ಹ್ಯಾಸ್ಲಮ್ ಮತ್ತು ಎಡ್ವರ್ಡ್ಸ್ ಕುಟುಂಬಗಳು. ಹ್ಯಾಸ್ಲಮ್ ದಂಪತಿ ಪುನರುಜ್ಜೀವಗೊಂಡ ಅದೇ ಬ್ರೌನ್ಸ್ ತಂಡದ ಮಾಲೀಕರು ಎಂಬುದು ವಿಧಿಯ ಚೋದ್ಯ. ಎರಡೇ ವರ್ಷದಲ್ಲಿ ಹೆಸರಿಗೆ ಕೈಹಾಕಿದವರೂ ಇದೇ ಹೊಸ ಆಡಳಿತದವರು. ಅಷ್ಟು ಕಾದಾಡಿ ಉಳಿಸಿಕೊಂಡವರಿಗೆ ಸಿಟ್ಟು ಬಾರದೇ ಇರುತ್ತದೆಯೇ?

ಆಸ್ಟಿನ್‌ಗೆ 2021ರಲ್ಲಿ ಪ್ರತ್ಯೇಕ ತಂಡ ದೊರೆಯಿತು. ಮೊದಲೇ ಮಾಡಬಹುದಿದ್ದ ಕೆಲಸವಿದು. ಕ್ರ್ಯೂ 2023ರಲ್ಲಿ ಮತ್ತೆ ಚಾಂಪಿಯನ್ ಆಯಿತು. ಆದರೆ ಹಣವಂತ ಖರೀದಿದಾರರು ಸಿಗದೇ ಹೋಗಿದ್ದರೆ ಆ ಕಾಯ್ದೆಯೂ ಚಳವಳಿಯೂ ಎಷ್ಟು ದಿನ ತಡೆಯಬಹುದಿತ್ತು? ಸ್ಯಾನ್ ಹೋಸೆಯ ಆಟಗಾರರನ್ನು 2005ರ ಕೊನೆಯಲ್ಲಿ ಹ್ಯೂಸ್ಟನ್‌ಗೆ ಸಾಗಿಸಿದಾಗ ಹೆಸರು, ಬಣ್ಣ, ದಾಖಲೆಗಳನ್ನಾದರೂ ಅಲ್ಲಿಯೇ ಬಿಡಲಾಗಿತ್ತು. 2008ರಲ್ಲಿ ಆ ಕ್ಲಬ್ ಮತ್ತೆ ಅಂಗಣಕ್ಕಿಳಿಯಿತು. ಅಂದು ಔದಾರ್ಯವೆಂಬಂತೆ ನೀಡಿದ್ದನ್ನು ಎಲ್ಲ ಕ್ಲಬ್‌ಗಳಿಗೂ ಅನ್ವಯಿಸುವ ನಿಯಮವಾಗಿ ಲೀಗ್ ಬರೆದಿಡಬೇಕು. ಹೆಸರು ಅಥವಾ ಲಾಂಛನ ಬದಲಿಸುವ ಮುನ್ನ ಬೆಂಬಲಿಗರ ಒಪ್ಪಿಗೆ ಕಡ್ಡಾಯವೆಂಬ ಮಾತೂ ಅದರಲ್ಲಿರಬೇಕು.