ಮಾವ ಕಳಿಸಿದ ಲಿಂಕು, ಅಜ್ಜಿ ಕೇಳಿದ ಕಾಫಿ

ಕಳೆದ ತಿಂಗಳು ಒಂದು ಭಾನುವಾರ ಊರಿಗೆ ಹೋಗಿದ್ದೆ. ಅಜ್ಜಿ ಒಂದು ಗಂಟೆಯೊಳಗೆ ನಾಲ್ಕು ಸಲ ಕೇಳಿದರು, "ಕಾಫಿ ಕುಡಿದ್ಯಾ ಮಗಾ?" ನಾಲ್ಕು ಸಲವೂ "ಆಯ್ತು ಅಜ್ಜಿ" ಅಂದೆ. ಐದನೇ ಸಲ ಕೇಳುವಾಗ ನನ್ನ ಹೆಸರಿನ ಬದಲು ತೀರಿಹೋದ ಅವರ ತಮ್ಮನ ಹೆಸರು ಹಿಡಿದು ಕರೆದರು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದ ಸದ್ದು ಒಂದು ಕ್ಷಣ ನಿಂತುಹೋಯಿತು.

ಎರಡು ವರ್ಷದ ಹಿಂದೆ ಡಾಕ್ಟರು ಇದು ಅಲ್ಝೈಮರ್ಸ್ ಅಂತ ಹೇಳಿದ್ದಾರೆ. ಅವತ್ತಿಂದ ನಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದೆಲಗದಿಂದ ಹಿಡಿದು ತೆಂಗಿನೆಣ್ಣೆವರೆಗೆ ಎಲ್ಲ ಮದ್ದೂ ಬಂದು ಹೋಗಿವೆ. ಆ ಭಾನುವಾರ ರಾತ್ರಿ ಬೆಂಗಳೂರಿನ ಬಸ್ಸಿನಲ್ಲಿ ಕೂತಿದ್ದಾಗ ಮಾವ ಒಂದು ಲಿಂಕ್ ಕಳಿಸಿದರು. ನೆನಪಿನ ಶಕ್ತಿ ವಾಪಸ್ ತರುವ ಪೆಪ್ಟೈಡ್ ಇಂಜೆಕ್ಷನ್, ಆನ್‌ಲೈನಿನಲ್ಲೇ ಲಭ್ಯ. ಹಿಂದೆಯೇ ಫೋನ್ ಮಾಡಿದರು. "ನೀನು ಇಂಜಿನಿಯರ್ ಅಲ್ವೇನೋ, ಇದು ನಿಜಾನಾ ನೋಡಿ ಹೇಳು. ನಿಜ ಆದ್ರೆ ನಾಳೆನೇ ಎಫ್‌ಡಿ ಮುರಿಸ್ತೀನಿ."

ನಾನು ಕೋಡ್ ಬರೆಯೋನು, ಡಾಕ್ಟರಲ್ಲ. ಆದರೆ ಅಮ್ಮನಿಗಾಗಿ ಎಫ್‌ಡಿ ಮುರಿಸಲು ಹೊರಟ ಮಗನಿಗೆ "ನಂಗೊತ್ತಿಲ್ಲ ಮಾವ" ಅನ್ನೋಕೆ ಮನಸ್ಸು ಬರಲಿಲ್ಲ. ಮೂರು ಸಂಜೆ ಕೂತು ಓದಿದೆ.

ಮೊದಲು ಪೆಪ್ಟೈಡ್ ಅಂದರೇನು ನೋಡೋಣ. ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಒಂದರ ಪಕ್ಕ ಒಂದು ಪೋಣಿಸಿದರೆ ಸಿಗುವ ಸಣ್ಣ ಸರವೇ ಪೆಪ್ಟೈಡ್. ಸರ ತುಂಬಾ ಉದ್ದವಾದರೆ ಅದನ್ನು ಪ್ರೋಟೀನ್ ಅಂತೀವಿ. ನಮ್ಮ ಮನೆಗಳ ಫ್ರಿಜ್‌ನಲ್ಲಿರುವ ಇನ್ಸುಲಿನ್ ಕೂಡ 51 ಮಣಿಗಳ ಪೆಪ್ಟೈಡ್. ಅಂದರೆ ಪೆಪ್ಟೈಡ್ ಔಷಧಿ ಅನ್ನೋದು ಬುರುಡೆ ಅಲ್ಲ, ನೂರು ವರ್ಷದಿಂದ ಜೀವ ಉಳಿಸುತ್ತಿರುವ ವಿದ್ಯೆ.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಅಲ್ಝೈಮರ್ಸ್‌ನಲ್ಲಿ ಮೆದುಳಿನೊಳಗೆ ಕಟ್ಟಿಕೊಳ್ಳುವ ಗಂಟುಗಳಲ್ಲಿ ಒಂದು ಬಗೆಯದ್ದು ಪೆಪ್ಟೈಡಿನದ್ದೇ! ಅಮಿಲಾಯ್ಡ್ ಬೀಟಾ ಅಂತ ಅದರ ಹೆಸರು, 40 ಅಥವಾ 42 ಮಣಿಗಳ ಸರ. 1906ರಲ್ಲಿ ಜರ್ಮನಿಯ ಡಾಕ್ಟರ್ ಅಲೋಯಿಸ್ ಅಲ್ಝೈಮರ್ ತಮ್ಮ ರೋಗಿಯ ಮೆದುಳಿನಲ್ಲಿ ಈ ಗಂಟುಗಳನ್ನು ಕಂಡ ಬಗ್ಗೆ ಹೇಳಿದರು. ಅದು ಯಾವುದರಿಂದ ಆಗಿದೆ ಅಂತ ಗೊತ್ತಾಗಿದ್ದು 1984ರಲ್ಲಿ. ಬಿಡಿಬಿಡಿಯಾಗಿರಬೇಕಾದ ಸರಗಳು ದೋಸೆ ಮೇಲೆ ದೋಸೆ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿಕೊಂಡು ನಾರಾಗುತ್ತವೆ. ಪೂರ್ತಿ ಗಂಟಾಗುವ ಮೊದಲಿನ ಸಣ್ಣ ಸಣ್ಣ ಗುಂಪುಗಳು ನರಕೋಶಕ್ಕೆ ಇನ್ನೂ ವಿಷ ಅನ್ನೋದು ಹಲವು ವಿಜ್ಞಾನಿಗಳ ಅಭಿಪ್ರಾಯ.

ಇಲ್ಲಿಂದಲೇ ಒಂದು ಚಂದದ ಯೋಚನೆ ಹುಟ್ಟಿತು. ಪೆಪ್ಟೈಡು ಪೆಪ್ಟೈಡಿಗೆ ಅಂಟುತ್ತದೆ ಅಂದಮೇಲೆ, ಅಂಟಿಕೊಂಡು ಮುಂದಿನ ದೋಸೆ ಕೂರದ ಹಾಗೆ ಅಡ್ಡ ಬರುವ ಇನ್ನೊಂದು ಪೆಪ್ಟೈಡ್ ಮಾಡಿದರೆ? 1996ರಲ್ಲಿ ಸ್ವೀಡನ್ನಿನ ಸಂಶೋಧಕರು ಅಮಿಲಾಯ್ಡ್ ಅಂಟಿಕೊಳ್ಳಲು ಮುಖ್ಯವಾದ ಐದು ಮಣಿಗಳ ಭಾಗವನ್ನು ಗುರುತಿಸಿದರು, ಅದರಿಂದಲೇ ತಡೆಗೋಡೆ ಮಾಡಿ ತೋರಿಸಿದರು. 1998ರಲ್ಲಿ ಇನ್ನೊಂದು ತಂಡ ಅಂಥದ್ದೇ ಐದು ಮಣಿಗಳ ಸರದಲ್ಲಿ ಪ್ರೋಲಿನ್ ಅನ್ನುವ ಸೊಟ್ಟ ಮಣಿ ಸೇರಿಸಿತು. ಸೊಟ್ಟ ಇರೋದರಿಂದ ಪೇರಿಸುವುದು ಅಲ್ಲಿಗೇ ಕೆಡುತ್ತದೆ. ಇಲಿಗಳ ಮೆದುಳಿನಲ್ಲಿ ಇದು ಕೆಲಸ ಮಾಡಿತು.

ಇಷ್ಟು ಓದಿದಾಗ ನನಗೂ ಮಾವನಷ್ಟೇ ಖುಷಿಯಾಗಿತ್ತು. ಆಮೇಲೆ ಕ್ಯಾಲೆಂಡರ್ ನೋಡಿದೆ. 1998ರಿಂದ ಇಲ್ಲಿಯವರೆಗೆ ಅದು ಮೆಡಿಕಲ್ ಶಾಪಿಗೆ ಯಾಕೆ ಬಂದಿಲ್ಲ?

ನಮ್ಮ ಫೀಲ್ಡಿನಲ್ಲಿ ಒಂದು ಮಾತಿದೆ, ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತೆ ಅಂದರೆ ಪ್ರೊಡಕ್ಷನ್‌ನಲ್ಲಿ ಓಡುತ್ತೆ ಅಂತಲ್ಲ. ಪೆಪ್ಟೈಡಿನ ಕಥೆಯೂ ಅದೇ. ನುಂಗಿದರೆ ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನ ಹಾಗೆ ಜೀರ್ಣ ಮಾಡಿಬಿಡುತ್ತದೆ. ಚುಚ್ಚಿದರೆ ರಕ್ತದಲ್ಲಿರುವ ಕಿಣ್ವಗಳು ಕತ್ತರಿಸುತ್ತವೆ, ಉಳಿದದ್ದನ್ನು ಕಿಡ್ನಿ ಹೊರಹಾಕುತ್ತದೆ. ಎಲ್ಲ ದಾಟಿ ಬಂದರೆ ಮೆದುಳಿನ ಬಾಗಿಲಲ್ಲಿ ದೊಡ್ಡ ಕಾವಲು. ಮೆದುಳಿನ ರಕ್ತನಾಳಗಳ ಗೋಡೆಯ ಕೋಶಗಳು ಎಷ್ಟು ಒತ್ತಾಗಿ ಹೊಂದಿಕೊಂಡಿವೆ ಅಂದರೆ ಹೆಚ್ಚಿನ ಔಷಧಿಗಳು ಒಳಗೆ ಹೋಗೋದೇ ಇಲ್ಲ.

ಇದಕ್ಕೂ ಉಪಾಯ ಹುಡುಕುತ್ತಿದ್ದಾರೆ. ರೇಬೀಸ್ ವೈರಸ್ಸಿಗೆ ನರಮಂಡಲಕ್ಕೆ ನುಗ್ಗುವ ದಾರಿ ಗೊತ್ತಲ್ಲ, ಅದರ ಪ್ರೋಟೀನಿನಿಂದ 29 ಮಣಿಗಳ ತುಂಡು ಮಾತ್ರ ತೆಗೆದುಕೊಂಡು 2007ರಲ್ಲಿ ಇಲಿಗಳ ಮೆದುಳಿಗೆ ಔಷಧಿ ತಲುಪಿಸಿ ತೋರಿಸಿದ್ದಾರೆ.

ಜರ್ಮನಿಯ ಯೂಲಿಷ್‌ನಲ್ಲಿ ಡೀಟರ್ ವಿಲ್‌ಬೋಲ್ಡ್ ಅವರ ತಂಡದ ದಾರಿ ಇನ್ನೊಂದು. ನಮ್ಮ ದೇಹದ ಅಮೈನೋ ಆಮ್ಲಗಳೆಲ್ಲ ಒಂದೇ ಕಾಲಿನ ಚಪ್ಪಲಿ ಇದ್ದ ಹಾಗೆ, ಬಹುಪಾಲು ಎಡಗಾಲಿನದ್ದೇ. ಕತ್ತರಿಸುವ ಕಿಣ್ವಗಳೂ ಅದಕ್ಕೇ ಹೊಂದಿಕೊಂಡಿವೆ. ಕನ್ನಡಿಯಲ್ಲಿ ಕಾಣುವಂತೆ ಬಲಗಾಲಿನ ಚಪ್ಪಲಿಗಳಿಂದಲೇ ಸರ ಪೋಣಿಸಿದರೆ ಕಿಣ್ವಕ್ಕೆ ಅದನ್ನು ಹಿಡಿಯೋದೇ ಕಷ್ಟ. ಹೀಗೆ ಮಾಡಿದ ಪಿಆರ್‌ಐ-002 ಅನ್ನು ಬಾಯಿಂದಲೇ ಕೊಡಬಹುದು. ಅದು ವಿಷದ ಗುಂಪುಗಳನ್ನು ಮತ್ತೆ ಬಿಡಿಬಿಡಿ ಮಾಡಬೇಕು ಅನ್ನೋದು ಉದ್ದೇಶ. ಮೊದಲ ಹಂತದ ಸುರಕ್ಷತಾ ಪರೀಕ್ಷೆ ದಾಟಿ ರೋಗಿಗಳ ಮೇಲಿನ ಎರಡನೇ ಹಂತಕ್ಕೆ ಬಂದಿದೆ. ನಿಜಕ್ಕೂ ಕೆಲಸ ಮಾಡುತ್ತಾ ಅನ್ನೋದನ್ನು ಹೇಳಬೇಕಾದದ್ದು ಇಂಥ ಪರೀಕ್ಷೆಗಳೇ.

ಪರೀಕ್ಷೆ ಎಷ್ಟು ನಿರ್ದಯಿ ಅನ್ನೋದಕ್ಕೆ ಇತ್ತೀಚಿನ ಉದಾಹರಣೆ ಸೆಮಾಗ್ಲುಟೈಡ್. ಶುಗರ್‌ಗೆ, ತೂಕ ಇಳಿಸೋಕೆ ಹೆಸರಾದ ಇದೂ ಒಂದು ಪೆಪ್ಟೈಡ್ ಔಷಧಿಯೇ. ಇದನ್ನು ತೆಗೆದುಕೊಳ್ಳುವ ಶುಗರ್ ರೋಗಿಗಳಲ್ಲಿ ಮರೆವು ಕಡಿಮೆ ಅಂತ ಲೆಕ್ಕಗಳು ಹೇಳಿದ್ದವು. ಸರಿ, ಆರಂಭದ ಹಂತದ ಅಲ್ಝೈಮರ್ಸ್ ಇರುವ 3,808 ಜನರ ಮೇಲೆ ಎರಡು ದೊಡ್ಡ ಪ್ರಯೋಗ ಮಾಡಿದರು. 2025ರ ನವೆಂಬರಿನಲ್ಲಿ ಫಲಿತಾಂಶ ಬಂತು. ರೋಗದ ಕೆಲವು ಸೂಚಕಗಳು ಸುಧಾರಿಸಿದ್ದವು, ಆದರೆ ರೋಗಿಯ ಮರೆವು ಮುಂದುವರಿಯೋದು ನಿಧಾನವಾಗಲಿಲ್ಲ. ವರ್ಷಗಳ ಕೆಲಸ, ಉತ್ತರ ಇಲ್ಲ.

ಈಗ ಮಾವನ ಲಿಂಕಿಗೆ ವಾಪಸ್ ಬರೋಣ. ಪೇಜನ್ನು ಕೆಳಗಿನ ತನಕ ಎಳೆದು ನೋಡಿದೆ. ಪ್ರಯೋಗದ ಫಲಿತಾಂಶ ಇರಲಿಲ್ಲ, ಡಾಕ್ಟರ್ ಚೀಟಿಯನ್ನೂ ಕೇಳುತ್ತಿರಲಿಲ್ಲ. ಬಾಟಲಿಯ ಫೋಟೋ ಝೂಮ್ ಮಾಡಿದಾಗ ಸಣ್ಣ ಅಕ್ಷರದಲ್ಲಿ ಇಷ್ಟೇ ಇತ್ತು: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ. ಅದರ ಸ್ಕ್ರೀನ್‌ಶಾಟ್ ಮಾವನಿಗೆ ಕಳಿಸಿ ಫೋನ್ ಮಾಡಿದೆ.

ಮಾವ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಏನೂ ಇಲ್ವೇನೋ?" ಅಂದರು.

ಈ ಪ್ರಶ್ನೆಗೆ ಉತ್ತರಿಸೋದೇ ಕಷ್ಟ. ಲೆಕಾನೆಮ್ಯಾಬ್ ಅನ್ನುವ ಔಷಧಿ ಇದೆ. ಅದು ಪೆಪ್ಟೈಡ್ ಅಲ್ಲ, ಆ್ಯಂಟಿಬಾಡಿ. 18 ತಿಂಗಳ ಪ್ರಯೋಗದಲ್ಲಿ ರೋಗದ ಓಟವನ್ನು ಶೇ. 27ರಷ್ಟು ನಿಧಾನ ಮಾಡಿತು. ಆದರೆ ಅದು ಆರಂಭದ ಹಂತದವರಿಗೆ ಮಾತ್ರ, ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ನಮ್ಮ ಅಜ್ಜಿ ಆ ಹಂತ ದಾಟಿದ್ದಾರೆ. ಅವರು ತೆಗೆದುಕೊಳ್ಳುವ ಡೊನೆಪೆಜಿಲ್ ಮಾತ್ರೆ ಲಕ್ಷಣಗಳನ್ನು ಸ್ವಲ್ಪ ಹಗುರ ಮಾಡುತ್ತದೆ, ರೋಗವನ್ನು ನಿಲ್ಲಿಸಲ್ಲ.

ನಮ್ಮಲ್ಲೂ ಕೆಲಸ ನಡೀತಿದೆ ಅಂತ ಮಾವನಿಗೆ ಹೇಳಿದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ಟಿಜಿಆರ್63 ಅನ್ನುವ ಅಣು ಮಾಡಿ, ಇಲಿಗಳಲ್ಲಿ ಅಮಿಲಾಯ್ಡ್ ಹೊರೆ ಇಳಿಸಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದವರು ವಯಸ್ಸಾದಂತೆ ಮೆದುಳು ಹೇಗೆ ಬದಲಾಗುತ್ತೆ ಅಂತ ವರ್ಷಗಳಿಂದ ನೋಡುತ್ತಿದ್ದಾರೆ. ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅನ್ನೋದು 2023ರ ಅಂದಾಜು. ಅಜ್ಜಿ ಒಬ್ಬರೇ ಅಲ್ಲ.

"ನಮ್ಮಮ್ಮನಿಗೆ ಇವೆಲ್ಲ ಬರೋಷ್ಟರಲ್ಲಿ ಟೈಮ್ ಇರಲ್ಲ ಅನ್ನು" ಅಂದರು ಮಾವ. ಇರಲಿಕ್ಕಿಲ್ಲ ಅಂತ ನಿಜ ಹೇಳಿದೆ. ನಮ್ಮ ಮುಂದಿನವರಿಗೆ ಇರಬಹುದು ಅಂತಲೂ ಹೇಳಿದೆ.

ನಿಮ್ಮ ಮನೆಗೂ ಇಂಥ ಲಿಂಕ್ ಬಂದೇ ಬರುತ್ತೆ. ಆಗ ಮೂರು ಪ್ರಶ್ನೆ ಕೇಳಿ. ಪ್ರಯೋಗ ಇಲಿಗಳ ಮೇಲಾ, ಮನುಷ್ಯರ ಮೇಲಾ? ಸುಧಾರಿಸಿದ್ದು ರಕ್ತದ ರಿಪೋರ್ಟಾ, ರೋಗಿಯ ದಿನಚರಿಯಾ? ನಿಮ್ಮ ಡಾಕ್ಟರು ಇದನ್ನು ಬರೆದುಕೊಡ್ತಾರಾ? ನೋಡಿಕೊಳ್ಳೋಕೆ ದಾರಿ ತೋಚದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಎಫ್‌ಡಿ ಮುರಿಯಲಿಲ್ಲ. ಬದಲಿಗೆ ಮಾವ ಅಜ್ಜಿಯ ಕಿವಿ ಪರೀಕ್ಷೆ ಮಾಡಿಸಿ ಹಿಯರಿಂಗ್ ಏಡ್ ಹಾಕಿಸಿದರು. ಅರ್ಧ ಮಾತು ಕೇಳಿಸದೆಯೇ ಅಜ್ಜಿ ಗಾಬರಿಯಾಗುತ್ತಿದ್ದರು ಅನ್ನೋದು ಆಮೇಲೆ ನಮಗೆ ಗೊತ್ತಾಯಿತು. ಮರೆವು ಹಾಗೇ ಇದೆ, ಗಾಬರಿ ಕಡಿಮೆಯಾಗಿದೆ.

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. "ಕಾಫಿ ಕುಡಿದ್ಯಾ ಮಗಾ?" ಅಂದರು. ಆಗಲೇ ಎರಡು ಲೋಟ ಆಗಿತ್ತು. "ಇಲ್ಲ ಅಜ್ಜಿ, ನಿಮ್ಮ ಜೊತೆ ಕುಡೀತೀನಿ" ಅಂತ ಪಕ್ಕದಲ್ಲಿ ಕೂತೆ.